ಆಮೆನ್‌ಗೂ ಒಂದು ತಾಲೀಮು

ಅಕ್ಟೋಬರ್ ತಿಂಗಳ ಎರಡನೇ ಭಾನುವಾರ. ಸಂಜೆ ಆರೂ ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ.

ಸಂತೋಷವನ್ನು ಗಟ್ಟಿಯಾಗಿ ತೋರಿಸುವುದಕ್ಕೂ ಚಿಕ್ಕಂದಿನಿಂದ ಅಭ್ಯಾಸ ಬೇಕು. ನನಗದು ಇಲ್ಲ. ಹುಬ್ಬಳ್ಳಿಯ ನಮ್ಮ ಚರ್ಚಿನಲ್ಲಿ ಪಾದ್ರಿಯ ಪ್ರಸಂಗದ ನಡುವೆ ಕೆಮ್ಮು ಬಂದರೂ ನುಂಗಿಕೊಳ್ಳಬೇಕಿತ್ತು. ನುಂಗದಿದ್ದರೆ ತಾತನ ಬೆರಳು ಬುರುಡೆಗೆ ಬೀಳುತ್ತಿತ್ತು. ಹೀಗೆ ತಯಾರಾದವನು ಸ್ವೀಡನ್ನಿಗೆ ಬಂದಾಗ ತವರಿಗೇ ಬಂದ ಹಾಗಾಯಿತು. ಇಲ್ಲಿಯವರು ಪ್ರಸಂಗವನ್ನು ಹವಾಮಾನ ವರದಿ ಕೇಳುವ ಹಾಗೆ ಕೇಳುತ್ತಾರೆ. ತುಂಬಾ ಹಿಡಿಸಿದರೆ ಕಣ್ಣು ಮಿಟುಕಿಸುತ್ತಾರೆ. ಅದನ್ನು ಗುರುತಿಸುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ನಾನು ಕಿಸ್ಟಾದ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವನು. ಸುಂಡ್‌ಬೀಬರ್ಯ್‌ನಲ್ಲಿ ಅಕ್ಕ-ಭಾವನ ಜೊತೆ ಇದ್ದೇನೆ. ಹತ್ತಿರದ ಚರ್ಚಿನಲ್ಲಿ ಇಂಗ್ಲಿಷ್ ಆರಾಧನೆ ನಡೆಯುತ್ತದೆ. ಅಲ್ಲಿ ಅರ್ಧ ಸ್ವೀಡಿಷರು, ಉಳಿದರ್ಧ ನಮ್ಮಂತೆ ಎಲ್ಲೆಲ್ಲಿಂದಲೋ ಬಂದವರು. ಪ್ರತಿ ಅಕ್ಟೋಬರಿನಲ್ಲಿ ಒಂದು ಭಾನುವಾರ ಕಪ್ಪು ಜನರ ಪರಂಪರೆಯ ನೆನಪಿಗೆ ಮೀಸಲು. ಆ ದಿನ ಹೊರಗಿನಿಂದ ಒಬ್ಬ ಕಪ್ಪು ಪ್ರಸಂಗಿಯನ್ನು ಕರೆಸುತ್ತೇವೆ. ಹಟ ಹಿಡಿದು ಇದನ್ನು ಶುರು ಮಾಡಿಸಿದವರು ಎಸ್ತರ್ ಆಂಟಿ. ಘಾನಾದಲ್ಲಿ ಹುಟ್ಟಿದವರು, ಇಲ್ಲಿ ನರ್ಸ್, ನಮ್ಮ ಕ್ವಾಯರಿನ ಬೆನ್ನೆಲುಬು.

ಹೋದ ವರ್ಷ ಬಂದ ಅತಿಥಿ ಮಾತಿನ ನಡುನಡುವೆ ಪ್ರಶ್ನೆ ಕೇಳಿ ನಿಂತು ನಮ್ಮ ಮುಖ ನೋಡುತ್ತಿದ್ದರು. ನಾವೂ ಗೌರವದಿಂದ ಅವರ ಮುಖ ನೋಡಿದೆವು. ನನ್ನ ಡೈರಿಯಲ್ಲಿ ಅಂದು "ಬಹಳ ಒಳ್ಳೆಯ ಪ್ರಸಂಗ" ಎಂದಿದೆ. ಆಮೇಲೆ ಫಿಕಾಗೆ, ಅಂದರೆ ಆರಾಧನೆಯ ನಂತರದ ಕಾಫಿಗೆ, ಕೂತಾಗ ಆ ಮನುಷ್ಯ ಕಾಫಿ ಕುಡಿಯದೆ, ನಾನೇನಾದರೂ ತಪ್ಪು ಮಾತಾಡಿದೆನಾ ಎಂದು ಎಸ್ತರ್ ಆಂಟಿಯನ್ನು ಮೆಲ್ಲಗೆ ಕೇಳಿದರಂತೆ. ಈ ವರ್ಷ ಕರೆದರೆ ಬರಲಿಲ್ಲ. ಇನ್ನಿಬ್ಬರಿಗೂ ಪುರುಸೊತ್ತಿರಲಿಲ್ಲ. ಕೊನೆಗೆ ಗೋಥೆನ್‌ಬರ್ಗಿನ ಪಾಸ್ಟರ್ ವಿನ್‌ಸ್ಟನ್ ಒಪ್ಪಿದರು. ಜಮೈಕಾ ಮೂಲದವರು, ಹಿಂದೆ ಉತ್ತರದ ಹಿಮದೂರು ಲುಲೆಯೊದಲ್ಲಿ ಓದಿದವರು. ಎಸ್ತರ್ ಆಂಟಿ ನನಗೆ ಹೇಳಿದ್ದು ಇಷ್ಟೆ: "ಇವರೂ ಮುಖ ಸಣ್ಣದು ಮಾಡ್ಕೊಂಡು ಹೋದ್ರೆ, ಇದೇ ಕೊನೆ ಮಗಾ. ನಾನು ಇನ್ಯಾರನ್ನೂ ಕರೆಯೋದಿಲ್ಲ."

ತಕ್ಷಣ ಸಮಿತಿ ಸೇರಿತು. ಈ ದೇಶದಲ್ಲಿ ಎಲ್ಲರ ತಲೆಯೂ ಆಡುವವರೆಗೆ ಯಾವ ತೀರ್ಮಾನವೂ ಆಗುವುದಿಲ್ಲ. ಕಪ್ಪು ಜನರ ಚರ್ಚುಗಳಲ್ಲಿ ರೂಢಿಯಿರುವ ಹಾಗೆ ಪ್ರಸಂಗಕ್ಕೆ ಸಭೆ ಸ್ವಯಂಸ್ಫೂರ್ತಿಯಿಂದ ಉತ್ತರ ಕೊಡಬೇಕು ಎಂದು ಒಪ್ಪಲು ಒಂದು ಮೀಟಿಂಗ್ ಹಿಡಿಯಿತು. ಸ್ವಯಂಸ್ಫೂರ್ತಿ ಯಾವಾಗ ಬರಬೇಕು ಎಂದು ನಿಶ್ಚಯಿಸಲು ಇನ್ನೊಂದು. ನಮ್ಮ ಸಭಾಪಾಲಕರಾದ ಆಂದರ್ಸ್, ಯಾರಿಗೂ ಒತ್ತಾಯವಿಲ್ಲ ಎಂದು ಬರೆದುಕೊಳ್ಳಿ ಎಂದರು. ಆದರೂ ಯಾರಾದರೂ ಒಬ್ಬರು ಶುರು ಮಾಡಬೇಕಲ್ಲ? ಬರೆದುಕೊಳ್ಳುತ್ತಿದ್ದವನು ನಾನೇ ಆದ್ದರಿಂದ ಎಲ್ಲರೂ ನನ್ನನ್ನು ನೋಡಿದರು. ನಾಲ್ಕು ನಿಮಿಷಕ್ಕೊಮ್ಮೆ ನಾನು ಆಮೆನ್ ಅನ್ನುವುದು, ಉಳಿದವರು ಹಿಂಬಾಲಿಸುವುದು ಎಂದಾಯಿತು.

ಅಕ್ಕನ ಅಡುಗೆಮನೆಯಲ್ಲಿ ತಾಲೀಮು ನಡೆಸಿದೆ. ಚಪಾತಿ ಲಟ್ಟಿಸುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು.

"ಏನೋ ಅದು, ಡೆಂಟಿಸ್ಟ್ ಹತ್ರ ಬಾಯಿ ತೆಗ್ದಂಗಿದೆ. ಸ್ವಲ್ಪ ಫೀಲ್ ಮಾಡಿ ಹೇಳೋ."

"ಫೀಲ್ ಆದ್ರೆ ನಂಗೆ ಮಾತೇ ಹೊರಡಲ್ವಲ್ಲಕ್ಕ."

"ಹಂಗಾದ್ರೆ ನೀನು ಯಾವ ರೋ ಅಂತ ಮೊದ್ಲೇ ಹೇಳ್ಬಿಡು. ನಾನು ದೂರ ಕೂತ್ಕೋತೀನಿ."

ಇಂದು ಬೆಳಿಗ್ಗೆ ಪಾಸ್ಟರ್ ವಿನ್‌ಸ್ಟನ್ ಕೈಯಲ್ಲಿ ಕಾಗದದ ಕಂತೆ ಹಿಡಿದು ಬಂದರು. ನಮಗೆ ಆಗ ಗೊತ್ತಿಲ್ಲದ ಸಂಗತಿಯೆಂದರೆ, ಹೋದ ವರ್ಷದ ಅತಿಥಿ ಅವರ ಸ್ನೇಹಿತರು. ಅಲ್ಲಿ ಯಾರೂ ಉಸಿರೆತ್ತುವುದಿಲ್ಲ, ಬೇಜಾರಾಗಬೇಡ, ಎಲ್ಲ ಬರೆದುಕೊಂಡು ಹೋಗಿ ಒಂದೇ ಸಮನೆ ಓದಿಬಿಡು, ಅವರಿಗೆ ಅದೇ ಇಷ್ಟ ಎಂದು ಹೇಳಿಕೊಟ್ಟಿದ್ದರಂತೆ. ಹೀಗಾಗಿ ಇವರೂ ನಮಗೋಸ್ಕರ ಒಂದು ವಾರ ತಾಲೀಮು ಮಾಡಿದ್ದರು. ಕಣ್ಣೆತ್ತದೆ, ಎಲ್ಲೂ ನಿಲ್ಲದೆ, ತಗ್ಗಿದ ದನಿಯಲ್ಲಿ ಓದತೊಡಗಿದರು. ನಾನು ಗಡಿಯಾರ ನೋಡುತ್ತಿದ್ದೆನೇ ಹೊರತು ಕಿವಿಗೊಟ್ಟಿರಲಿಲ್ಲ. ನಾಲ್ಕನೇ ನಿಮಿಷ ಮುಗಿದ ಕೂಡಲೇ "ಆಮೆನ್" ಎಂದೆ. ಸಭೆ ಒಕ್ಕೊರಲಿನಿಂದ "ಆಮೆನ್" ಎಂದಿತು.

ಅವರು ಆಗಷ್ಟೇ ಓದಿ ಮುಗಿಸಿದ್ದ ವಾಕ್ಯ, ಲುಲೆಯೊದ ಮೊದಲ ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡದ್ದು.

ಅವರು ತಲೆ ಎತ್ತಿದರು. ಕಾಗದ ನೋಡಿದರು. ಮತ್ತೆ ನಮ್ಮನ್ನು ನೋಡಿದರು. ಮುಗಿಯಿತು, ಈ ಮನುಷ್ಯನೂ ಇನ್ನು ಬರುವುದಿಲ್ಲ ಎಂದುಕೊಂಡೆ. ಆಂದರ್ಸ್ ಎದ್ದು ನಿಂತು, ಕ್ಷಮಿಸಿ, ಇದು ಸಮಿತಿಯಲ್ಲಿ ಆದ ತೀರ್ಮಾನ ಎಂದು ಪ್ರಾಮಾಣಿಕವಾಗಿ ವಿವರಿಸಿದರು. ಕ್ವಾಯರಿನಲ್ಲಿ ಎಸ್ತರ್ ಆಂಟಿಯ ಹೆಗಲು ಕುಣಿಯತೊಡಗಿತು. ಪಾಸ್ಟರ್ ವಿನ್‌ಸ್ಟನ್ ಕಾಗದಗಳನ್ನು ಮಡಚಿ ಜೇಬಿಗಿಟ್ಟರು.

"ನನ್ನ ಕೈ ಮುರಿದದ್ದಕ್ಕೆ ಇಷ್ಟು ಒಗ್ಗಟ್ಟಾಗಿ ಖುಷಿಪಟ್ಟ ಸಭೆಯನ್ನ ನಾನು ಇದುವರೆಗೂ ನೋಡಿಲ್ಲ" ಎಂದರು.

ಇಡೀ ಚರ್ಚು ನಕ್ಕಿತು. ಸ್ವೀಡಿಷರು ಹಲ್ಲು ಕಾಣುವಂತೆ ನಕ್ಕರು. ಆಮೇಲೆ ಪಾಸ್ಟರ್ ಬರೆದುಕೊಳ್ಳದ ಪ್ರಸಂಗವನ್ನು ಮಾಡಿದರು. ತಮ್ಮ ಅಜ್ಜಿಯ ಊರಿನಲ್ಲಿ ವಾರವೆಲ್ಲ ಬೇರೆಯವರ ಮಾತು ಕೇಳಿಯೇ ದುಡಿಯುತ್ತಿದ್ದ ಜನಕ್ಕೆ ಭಾನುವಾರ ಮಾತ್ರ ತಮ್ಮದೇ ದನಿ ಇತ್ತು. ಪ್ರಸಂಗಿ ಅರ್ಧ ಹೇಳಿದರೆ ಉಳಿದರ್ಧ ಸಭೆಯದು. ಹಿರಿಯರು ಬಿಟ್ಟುಹೋದ ಆಸ್ತಿ ಅದೇ ಎಂದರು. ದಣಿದು ಬಂದವನನ್ನು ಹೇಗಿದ್ದೀಯ ಎಂದು ಕೇಳುವ ಮೊದಲು ಅವನ ಕೈಯ ಚೀಲ ಇಸಕೋ ಎಂದು ಅಜ್ಜಿ ಹೇಳುತ್ತಿದ್ದರಂತೆ.

"ಖರೇ ಐತ್ರಿ!"

ಹಿಂದಿನ ಸಾಲಿನಿಂದ ಬಂದ ಈ ದನಿ ಅಕ್ಕನದು. ಬೆಂಗಳೂರಿನ ಗೆಳತಿಯರ ನಡುವೆ ಹುಬ್ಬಳ್ಳಿಯ ಒಂದಕ್ಷರವೂ ಜಾರದಂತೆ ಮಾತಾಡುವವಳು, ಕರ್ಚೀಫು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ಪಾಸ್ಟರ್ ವಿನ್‌ಸ್ಟನ್ ಅವಳತ್ತ ಕೈ ಚಾಚಿ, "ಥ್ಯಾಂಕ್ಯೂ ಸಿಸ್ಟರ್" ಎಂದರು. ಅಲ್ಲಿಂದ ಮುಂದೆ ಯಾರಿಗೂ ನನ್ನ ಸೂಚನೆ ಬೇಕಾಗಲಿಲ್ಲ. ನಾನು ಲೆಕ್ಕವಿಡಲು ಹದಿನಾಲ್ಕು ಆಮೆನ್‌ವರೆಗೆ ಗೀಟು ಎಳೆದೆ. ಆಮೇಲೆ ಪೆನ್ನು ಬೆಂಚಿನ ಕೆಳಗೆ ಉರುಳಿತು, ಹುಡುಕಲಿಲ್ಲ. ಪ್ರಸಂಗ ಮುಗಿಯುವಷ್ಟರಲ್ಲಿ ಫಿಕಾದ ಕಾಫಿ ಆರಿ ತಣ್ಣಗಾಯಿತು. ಈ ದೇಶದಲ್ಲಿ ಅದನ್ನು ಯಾರೂ ಆಕ್ಷೇಪಿಸದಿದ್ದುದನ್ನು ನಾನು ಇದೇ ಮೊದಲು ಕಂಡದ್ದು.

ತಣ್ಣನೆ ಕಾಫಿಯನ್ನು ಎರಡು ಕಪ್ ಕುಡಿದ ಪಾಸ್ಟರ್ ವಿನ್‌ಸ್ಟನ್‌ರನ್ನು ಎಸ್ತರ್ ಆಂಟಿ, ಮುಂದಿನ ವರ್ಷ ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ, ಆದರೆ ಮೊದಲು ನೀವೆಲ್ಲ ನವೆಂಬರಿನಲ್ಲಿ ನಮ್ಮ ಸಭೆಗೆ ಬರಬೇಕು, ಮೊದಲ ಆಮೆನ್ ಹೇಳಿದ ಆ ತಮ್ಮ ಎದ್ದು ನಾಲ್ಕು ಮಾತಾಡಬೇಕು ಎಂದರು. ಆಂಟಿ ನನ್ನ ಪರವಾಗಿ ಒಪ್ಪಿಬಿಟ್ಟರು. ಆರಾಧನೆ ಎಷ್ಟು ಗಂಟೆಗೆ ಮುಗಿಯುತ್ತದೆ, ವಾಪಸ್ ಟ್ರೈನ್ ಬುಕ್ ಮಾಡಬೇಕು ಎಂದು ನಾನು ಕೇಳಿದೆ. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಸೋಮವಾರಕ್ಕೇ ಬುಕ್ ಮಾಡು ಅನ್ನುತ್ತಾಳೆ ಅಕ್ಕ.

ಅಂಥ ಸಭೆಗೆ ಹೋಗಿ ಬಂದ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ: ಯಾವ ಟ್ರೈನ್ ಹಿಡಿಯುವುದು ಕ್ಷೇಮ? ಮತ್ತು ನಾನು ಮಾತಾಡುತ್ತಿರುವಾಗ ಅವರು ಉತ್ತರ ಕೊಟ್ಟರೆ, ಮುಗಿಯುವ ತನಕ ಕಾಯಬೇಕೋ, ನಾನೂ ಜೊತೆಗೆ ಕೂಗಬೇಕೋ?