ವಲ್ಲಿಯ ಕೆಳಗಿನ ಇಂಗ್ಲಿಷು

ಬೆರಳು ಆಡದಿದ್ದರೆ ಕಳಕಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಬಾಗಲಕೋಟೆಯ ಮಾಸ್ತರರು ಒಂದೊಂದು ಅರ್ಥಕ್ಕೂ ಒಂದೊಂದು ಬೆರಳು ಮಡಚಿಸಿ ಕಲಿಸಿದ್ದರು. ಸಾಲೆ ಬಿಟ್ಟು ಇಳಕಲ್ಲಿಗೆ ಬಂದರೂ ಚಾಳಿ ಬಿಡಲಿಲ್ಲ.

ಅಲ್ಲಿ ನೇಕಾರ ಹುಲ್ಲಪ್ಪನ ಮಗಳು ಚಂದ್ರವ್ವನೊಂದಿಗೆ ಅವನ ಮದುವೆ ಗೊತ್ತಾಗಿತ್ತು. ಹೆಣ್ಣಿಗೆ ತೆರದ ಹಣ ಕೊಡಲು ಗತಿಯಿಲ್ಲದ ಅಳಿಯ ಮಾವನ ಮನೆಯ ಮಗ್ಗದಲ್ಲಿ ದುಡಿದು ತೀರಿಸಬೇಕು. ಒಂದು ವರ್ಷ ಎಂದು ಬಾಯಿಮಾತಾಗಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಒಗೆಯುವುದೆಂದರೆ ಕಳಕಪ್ಪನಿಗೆ ಜೀವ ಹೋದಂತೆ. ವರ್ಷವೊಂದನ್ನು ಹಲ್ಲು ಕಚ್ಚಿ ಕಳೆದು, ಹೆಂಡತಿಯನ್ನು ಕರೆದುಕೊಂಡು ಬಾಗಲಕೋಟೆಯ ಕಚೇರಿಯಲ್ಲಿ ಕಾರಕೂನನಾಗಿ ಸೇರುವುದು ಅವನ ಆಸೆ.

ಹುಲ್ಲಪ್ಪ ಕೆರೂರ ಸಂತೆಯಲ್ಲಿ ಎತ್ತಿನ ದಲ್ಲಾಳಿಯೂ ಹೌದು. ಬಾಯಿಮಾತನ್ನು ಅವನು ನಂಬಿದವನಲ್ಲ. ಇಬ್ಬರ ಕೈಮೇಲೆ ಹೆಗಲಿನ ವಲ್ಲಿವಸ್ತ್ರ ಹೊದಿಸಿ, ಒಳಗೆ ಎಷ್ಟು ಸಲ ಬೆರಳು ಒತ್ತಿದರೋ ಅಷ್ಟಕ್ಕೇ ವ್ಯವಹಾರ. ಆಮೇಲೆ ಇಲ್ಲವೆಂದವನಿಗೆ ಆ ಸಂತೆಯಲ್ಲಿ ಯಾರೂ ಮೂಗುದಾರವನ್ನೂ ಮಾರುತ್ತಿರಲಿಲ್ಲ.

ವೀಳ್ಯದ ದಿನ ನೆರೆಮನೆಯ ನೀಲಾಬಾಯಿ, ಬಣ್ಣಗಾರ ಅಬ್ದುಲಸಾಬ ಸಾಕ್ಷಿಗೆಂದು ಕಟ್ಟೆಯ ಮೇಲೆ ಕೂತರು. ಹುಲ್ಲಪ್ಪ ಅಳಿಯನ ಕೈ ಹಿಡಿದು ವಲ್ಲಿ ಹೊದಿಸಿದ. ಒಂದು ವರ್ಷಕ್ಕೆಂದು ಕಳಕಪ್ಪ ಒಂದು ಸಲ ಬೆರಳು ಒತ್ತಿದ. ಹುಲ್ಲಪ್ಪ ಕೈ ಬಿಡಲಿಲ್ಲ.

“ಅಲ್ಲೋ, ಸೆಟ್ ಅಂತ ಒಂದು ಇಂಗ್ಲಿಷ್ ಶಬ್ದ ಐತೆಲ್ಲ, ಹಂಗಂದ್ರ ಏನು?”

“ಇಡು ಅಂತ್ರಿ. ಪುಟ್ ಅಂದ್ರೂ ಅದ, ಪ್ಲೇಸ್ ಅಂದ್ರೂ ಅದ.”

“ಎಲ್ಲಾ ಅದ ಆದ್ರ ಮೂರು ಶಬ್ದ ಯಾಕ ಬೇಕಾಗಿದ್ವು?” ನೀಲಾಬಾಯಿ ಮೂಗು ಮುರಿದಳು. “ನಮಗ ಒಂದ ಸಾಕಾಗೇತಿ.”

ಕಳಕಪ್ಪನ ವಿದ್ಯೆಗೆ ಚುಚ್ಚಿದಂತಾಯಿತು. “ಹಂಗಲ್ರಿ ಬಾಯಾರ. ಹೊತ್ತು ಮುಳುಗಿದ್ರೂ ಸೆಟ್. ಮೊಸರು ಗಟ್ಟಿ ಆದ್ರೂ ಸೆಟ್.”

“ಮುರದ ಎಲುಬು ಕೂಡಿಸಿದ್ರ?” ಅಬ್ದುಲಸಾಬ ಕೇಳಿದ.

“ಅದೂ ಸೆಟ್ ರೀ, ಕಾಕಾ.”

“ಅಷ್ಟ ಸಣ್ಣ ಶಬ್ದದ ಮ್ಯಾಲ ಎಷ್ಟು ಹೇರ್ಯಾರಪಾ. ನಾವು ಎತ್ತಿಗೂ ಇಷ್ಟು ಹೇರೂದಿಲ್ಲ.”

“ಕೂಡಿಸಿಟ್ಟ ಸಾಮಾನಿಗೂ ಸೆಟ್.” ಕಳಕಪ್ಪ ಎದೆಯುಬ್ಬಿಸಿದ. “ಮತ್ತ, ನಿಶ್ಚಯ ಆತು ಅಂದ್ರೂ ಸೆಟ್.”

“ನಿಶ್ಚಯ ಆತು,” ಎಂದು ಹುಲ್ಲಪ್ಪ ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡ. “ಏಳು ವರ್ಷ.”

ಕಳಕಪ್ಪ ಒಂದು ಬೆರಳೆತ್ತಿ ತೋರಿಸಿದ. “ನಾ ಒಂದ ಒತ್ತೀನಿ, ಮಾವಾರ.”

“ಮೊದಲ ಒಂದ. ಆಮ್ಯಾಲ ಅರ್ಥಕ್ಕೊಂದು ಬಟ್ಟು ಒತ್ತಿದಿ. ಕೊಡಾಂವಗ ನಾ ಹೆಂಗ ಬ್ಯಾಡ ಅನ್ನಲಿ?”

“ಅದು ಇಂಗ್ಲಿಷಿನ ಲೆಕ್ಕರಿ.”

“ವಲ್ಲಿ ಕೆಳಗ ಇಂಗ್ಲಿಷು ಎಲ್ಲೀದೋ ತಮ್ಮಾ? ಬಟ್ಟು ಅಷ್ಟ.”

“ಏಳ ಸಲ ವಲ್ಲಿ ಅಳ್ಳಾಡಿದ್ದು ಖರೆ,” ಎಂದ ಅಬ್ದುಲಸಾಬ. ನೀಲಾಬಾಯಿಯೂ ತಲೆಯಾಡಿಸಿದಳು.

ಕಳಕಪ್ಪನಿಗೆ ಉಳಿದದ್ದು ಒಂದೇ ದಾರಿ. “ನಿಮ್ಮ ಮಗಳನ್ನರ ಕೇಳ್ರಿ. ಬಾಗಲಕೋಟಿ ಸಂಸಾರ ಆಕಿಗೂ ಬೇಕಾಗಿರ್ತೈತಿ.”

ಹುಲ್ಲಪ್ಪ ನಕ್ಕ. “ಈ ಶಬ್ದ ನನಗ ಹೇಳಿಕೊಟ್ಟಾಕಿ ಯಾರು ಅಂತ ತಿಳದಿ? ಹೆಣ್ಣು ನೋಡಾಕ ಬಂದಾಗ ನೀನ ಇದರ ಅರ್ಥ ಬಟ್ಟು ಎಣಿಸಿ ಹೇಳಿದೆಲ್ಲ. ಇಳಕಲ್ಲ ಬಿಟ್ಟು ಹೋಗೂದಿಲ್ಲಂತ ಆಕಿ ಅವತ್ತ ಹಟ ಹಿಡದಾಳ.”

ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು.

“ಅಪ್ಪಾ, ಅವತ್ತ ಅವರು ಎಂಟು ಅರ್ಥ ಹೇಳಿದ್ರು,” ಎಂದಳು ಚಂದ್ರವ್ವ. “ಇನ್ನ ಎರಡು ಉಳದಾವ. ವಲ್ಲಿ ಹಾಕಿ ಕೇಳು.”

ಕಳಕಪ್ಪ ಎರಡೂ ಕೈಗಳನ್ನು ಬಗಲಲ್ಲಿ ಅವಚಿಕೊಂಡು, ಸಾಲೆಯ ಮುಖವನ್ನೇ ನೋಡದವನಂತೆ ಕೂತ.