ತೋಳಗಳು ಜಾತಕ ನೋಡುವುದಿಲ್ಲ

ಕದ್ದು ಓದುವವರ ಕಷ್ಟವೇ ಇದು: ಎಂಥ ಮೂಲೆ ಹಿಡಿದು ಕೂತರೂ ಯಾರಾದರೂ ಬಂದು ಇಣುಕಿಯೇ ಇಣುಕುತ್ತಾರೆ. ನಾನು ಓದುತ್ತಿದ್ದುದು ತೋಳವಾಗಿ ಬದಲಾಗುವ ಗಂಡಸರ ಪ್ರೇಮಕಥೆಗಳು. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಫೋನಿನಲ್ಲಿ. ಆ ಕಥೆಗಳಲ್ಲಿ ಪ್ರತಿ ತೋಳಕ್ಕೂ ವಿಧಿ ಒಬ್ಬಳನ್ನು ಮೊದಲೇ ಬರೆದಿಟ್ಟಿರುತ್ತದೆ. ಅವಳು ಹತ್ತಿರ ಬಂದರೆ ಸಾಕು, ವಾಸನೆಯಲ್ಲೇ ಅವನಿಗೆ ಗೊತ್ತಾಗಿಬಿಡುತ್ತದೆ. ಅವಳು ಬಾಯಿ ಬಿಡಬೇಕಾಗಿಯೇ ಇಲ್ಲ. ಆಟೋದವರಿಗೆ ‘ಇಲ್ಲೇ ನಿಲ್ಸಿ’ ಅನ್ನಲಾರದೆ, ಎರಡು ರಸ್ತೆ ದಾಟಿ ಇಳಿದು ವಾಪಸ್ ನಡೆದು ಬರುವ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಎಲ್ಲಿ ಸಿಗಬೇಕು?

ಪಕ್ಕದ ಸೀಟು

ಸೋಲದೇವನಹಳ್ಳಿಯ ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ಕೆಲಸ. ಯಲಹಂಕದಿಂದ ಸ್ಟಾಫ್ ಬಸ್ಸು. ಪಕ್ಕದ ಸೀಟಿನಲ್ಲಿ ಆಫೀಸಿನ ಹುಬ್ಬಳ್ಳಿ ಮೇಡಂ. ದಾರಿಯುದ್ದಕ್ಕೂ ತಲೆ ಬಗ್ಗಿಸಿ ಸ್ತೋತ್ರ ಹೇಳಿಕೊಳ್ಳುತ್ತಾರೆ ಅಂತಲೇ ನಾನು ನಂಬಿದ್ದೆ. ಒಂದು ದಿನ ನಾನು ಫೋನಿನಲ್ಲಿ ಪುಟ ಸರಿಸಲು ಹೋದರೆ ಮೊಣಕೈ ಹಿಡಿದುಕೊಂಡರು.

“ಸರಿಸಬ್ಯಾಡ್ರಿ. ಆ ತ್ವಾಳ ಇನ್ನೂ ಅಕಿನ್ನ ನೋಡೇ ಇಲ್ಲ.”

“ಮೇಡಂ, ನೀವು ಯಾವಾಗಿಂದ ಓದ್ತಿದೀರಾ?”

“ಗಣೇಶನ ಹಬ್ಬದಿಂದ ಓದಾಕತ್ತೀನಿ. ನೀವು ನಿನ್ನೆ ರಜಾ ಹಾಕಿದ್ರಲ್ಲ, ನಡುವ ಏನಾತು ಅಷ್ಟು ಹೇಳಿಬಿಡ್ರಿ.”

ಅವರೇಕಾಯಿ

ಆಮೇಲೆ ಅಮ್ಮನ ಕಣ್ಣಿಗೆ ಬಿತ್ತು, ಫೋನಿನಲ್ಲಿದ್ದ ಕಥೆಯ ಮುಖಪುಟ.

“ಯಾರೇ ಇವನು, ಮೈಮೇಲೆ ಅಂಗಿ ಇಲ್ದೆ?”

“ತೋಳ, ಅಮ್ಮ. ಹುಣ್ಣಿಮೆ ಬಂದ್ರೆ ಹಾಗಾಗ್ತಾನೆ.”

“ಮಿಕ್ಕ ದಿನ ಏನು ಮಾಡ್ಕೊಂಡಿದಾನೆ?”

“ಸ್ವಂತ ಕಂಪನಿ ಇದೆ.”

ಅಮ್ಮ ಅವರೇಕಾಯಿಯ ಮೊರ ಹತ್ತಿರಕ್ಕೆ ಎಳೆದುಕೊಂಡು ಕೂತಳು. “ಹೇಳು.”

ಅಲ್ಲಿಂದ ಕಾಯಿ ಸುಲಿಯುವಾಗ ದಿನಕ್ಕೊಂದು ಭಾಗ.

“ಅವರಲ್ಲಿ ಜಾತಕ ನೋಡಲ್ವಾ?”

“ಇಲ್ಲಮ್ಮ, ವಾಸನೆ ಅಷ್ಟೇ.”

“ಹಿರಿಯರು ಒಪ್ಪೋದು ಬೇಡ್ವಾ?”

“ಗುಂಪಿಗೊಬ್ಬ ನಾಯಕ ಇರ್ತಾನೆ. ಎಲ್ಲರ ಮೇಲೂ ಗುರ್ ಅಂತಾನೆ, ಕೊನೆಗೆ ಒಪ್ಕೋತಾನೆ.”

ಅಮ್ಮ ತಲೆಯಾಡಿಸಿದಳು. “ನಿಮ್ಮ ದೊಡ್ಡಪ್ಪನೇ ಬಿಡು.”

ತಾರಸಿ

ಆ ದೊಡ್ಡಪ್ಪನೇ ಅವಸರ ಮಾಡಿ, ಜಾತಕ ಕೂಡಿಸುವ ಮೊದಲೇ ಒಂದು ಗಂಡು ಕರೆತಂದರು. ತಣಿಸಂದ್ರದ ಹುಡುಗ, ಯಶವಂತಪುರದಲ್ಲಿ ಕಾಫಿಪುಡಿ ಅಂಗಡಿ. ‘ನೀವಿಬ್ರೂ ಮಾತಾಡ್ಕೊಳ್ಳಿ’ ಅಂತ ತಾರಸಿಗೆ ಕಳಿಸಿದರು. ಮುಂಚೆ ಬಂದವರೆಲ್ಲ ಪರೀಕ್ಷೆಗೆ ಕೂರಿಸಿದಂತೆ ಪ್ರಶ್ನೆ ಕೇಳಿದ್ದರು. ಇವರು ನನಗಿಂತ ಮೌನಿ. ಹತ್ತು ನಿಮಿಷ ಇಬ್ಬರೂ ಸೇರಿ ನೀರಿನ ಟ್ಯಾಂಕು ನೋಡಿದೆವು. ಎಷ್ಟು ಹಾಯಾಗಿತ್ತೆಂದರೆ, ಇವರೇ ಆಗಬಹುದು ಅನ್ನಿಸಿಬಿಟ್ಟಿತು.

ಇದ್ದಕ್ಕಿದ್ದಂತೆ ಅವರು ತಲೆಯೆತ್ತಿ ಮೂಗು ಅರಳಿಸಿದರು. ಕಥೆಯಲ್ಲಿ ಆಗುವುದೂ ಹೀಗೆಯೇ.

“ತಳ ಹಿಡೀತಿದೆ,” ಅಂದರು. “ಕೇಸರಿಬಾತು.”

ಎರಡೆರಡು ಮೆಟ್ಟಿಲು ಇಳಿದು ಹೋಗಿ ಒಲೆ ಆರಿಸಿದರು. ವಿಧಿ ನನ್ನ ತೋಳಕ್ಕೆ ಮೂಗನ್ನೇನೋ ಕೊಟ್ಟಿತ್ತು, ದಿಕ್ಕು ಮಾತ್ರ ಅಡುಗೆಮನೆಯದು.

ಬೆಕ್ಕು

ಇನ್ನು ಜಾತಕ. ಎರಡೂ ಮನೆಯವರು ಜೋಯಿಸರ ಮುಂದೆ ಚಾಪೆ ಮೇಲೆ ಕೂತೆವು. ಒಂದೊಂದು ನಕ್ಷತ್ರಕ್ಕೂ ಒಂದೊಂದು ಪ್ರಾಣಿ ಇರುತ್ತದೆಂದೂ, ಗಂಡು ಹೆಣ್ಣಿನ ಪ್ರಾಣಿಗಳು ಹೊಂದಬೇಕೆಂದೂ ನನಗೆ ತಿಳಿದದ್ದು ಅವತ್ತೇ. ಇಷ್ಟು ದಿನ ಫೋನಿನಲ್ಲಿ ಹುಡುಕಿದ್ದು ಪಂಚಾಂಗದಲ್ಲೇ ಇತ್ತು.

“ಹುಡುಗೀದು ಮಖಾ, ಇಲಿ. ಹುಡುಗಂದು ಪುನರ್ವಸು, ಬೆಕ್ಕು,” ಅಂದರು ಜೋಯಿಸರು. “ಬದ್ಧವೈರ. ಬೇಡ.” ಕಾಗದ ಮಡಚಿ ಕೈಗೆ ಕೊಟ್ಟರು.

ಎಲ್ಲರೂ ಏಳತೊಡಗಿದರು. ಈಗ ಬಾಯಿ ಬಿಡದಿದ್ದರೆ ಇವರು ಎದ್ದು ತಣಿಸಂದ್ರಕ್ಕೆ ಹೋಗಿಬಿಡುತ್ತಾರೆ. “ನನಗೆ ಪರವಾಗಿಲ್ಲ,” ಅಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಲು ಹೋದಾಗ ದನಿ ಲೆಕ್ಕ ತಪ್ಪಿ ಜೋರಾಗಿಯೇ ಬಂತು.

“ನನಗೆ ಬೆಕ್ಕೇ ಬೇಕು.”

ಬೆಕ್ಕು ಕಿವಿಯವರೆಗೂ ಕೆಂಪಾಗಿ ನೆಲ ನೋಡಿತು, ಆದರೆ ನಕ್ಕಿತು.

ಅಮ್ಮ ಮುಂದೆ ಬಂದಳು. “ಸ್ವಾಮಿ, ತೋಳ ಮನುಷ್ಯರ ಹುಡುಗೀನ ಕಟ್ಕೊಂಡು ಮೂವತ್ತೆಂಟನೇ ಭಾಗ ನಡೀತಿದೆ. ಚೆನ್ನಾಗೇ ಇದಾರೆ.”

“ಯಾವ ತೋಳಮ್ಮಾ?”

ಅಮ್ಮ ವಿವರಿಸುವ ಮೊದಲೇ ಹುಡುಗನ ತಾಯಿ ಸೆರಗು ಸರಿಮಾಡಿಕೊಂಡರು. “ಅಷ್ಟು ದೂರ ಯಾಕೆ ಹೋಗ್ತೀರ? ನಮ್ಮನೆಯವ್ರದ್ದು ಹುಲಿ, ನಂದು ಹಸು. ನಮ್ಮ ಮದುವೇಲೂ ಹಿಂಗೇ ಬೇಡ ಅಂದಿದ್ರು. ಮೂವತ್ತು ವರ್ಷ ಆಯ್ತು.”

ಜೋಯಿಸರು ಕನ್ನಡಕ ಏರಿಸಿ ಗೋಡೆಗೊರಗಿ ಕೂತಿದ್ದ ಅವರ ಯಜಮಾನರತ್ತ ತಿರುಗಿದರು. “ನೀವೇನಂತೀರಿ?”

ಹುಲಿ ಒಮ್ಮೆ ಹಸುವಿನ ಮುಖ ನೋಡಿತು.

“ಮುಹೂರ್ತ ನೋಡಿ ಸ್ವಾಮಿ,” ಅಂತು. “ಇಲ್ದಿದ್ರೆ ಇವಳು ಬೈತಾಳೆ.”