ಮೂರರ ಸನೇಕ ಇರೂ ಎಕ್ಸ್

ಹೆಂಡತಿ ಜಗಳಾಡಿದರ ಗಂಡ ಆದವ ನಿಶ್ಚಿಂತ ಇರಬಹುದು. ಆಕಿ ತನ್ನಷ್ಟಕ್ಕ ತಾನು ನಗಲಿಕ್ಕೆ ಸುರು ಮಾಡಿದಳಂದ್ರ ಸಂಶಯ ಪಡಬೇಕು. ನನ್ನ ಪದ್ಮಜಾ ದೀಪಾವಳಿ ಮುಗಿದಾಗಿಂದ ನಗಲಿಕ್ಕೆ ಹತ್ಯಾಳ. ಚಪಾತಿ ಲಟ್ಟಿಸೂಮುಂದ ನಗತಾಳ, ಅರಿವಿ ಹಿಂಡೂಮುಂದ ನಗತಾಳ. ನಡುವ ಗಾಳಿಯೊಳಗ ಬೆರಳಿಲೆ ಏನೋ ಗೆರಿ ಎಳದು, ಹುಬ್ಬು ಗಂಟು ಹಾಕಿ, ಮತ್ತ ನಗತಾಳ.

ನಾನು ನೀಲಕಂಠ. ಬೈಲಹೊಂಗಲದ ಪ್ಯಾಟಿಯೊಳಗ ಚಸ್ಮಾದ ಅಂಗಡಿ ಇಟ್ಟೇನಿ. ಇಡೀ ತಾಲೂಕಿಗೆ ದೃಷ್ಟಿದಾನ ಮಾಡೂ ಪುಣ್ಯಾತ್ಮನಿಗೆ (ದಾನ ಅಂದ್ರ ರೊಕ್ಕಾ ತಗೊಂಡನ) ತನ್ನ ಮನಿಯೊಳಗ ನಡಿಯೂದು ಕಾಣಬಾರದೇನು?

ಒಂದಿನ ಮರತ ಕೀಲಿ ಒಯ್ಯಲಿಕ್ಕೆ ಮನಿಗೆ ಬಂದೆ. ಪದ್ಮಜಾ ಹಿತ್ತಲದಾಗ ಅರಿವಿ ಒಣಹಾಕ್ಕೋತ ಫೋನಿನೊಳಗ ಮಾತಾಡಲಿಕ್ಕೆ ಹತ್ತಿದ್ದಳು.

"ಎಕ್ಸ್ ಮೂರರ ಸನೇಕನ ಇರಬೇಕು, ಹೌದಲ್ರೀ? ಐದಕ್ಕಿಂತ ದೂರ ಹೋಗೂಹಂಗಿಲ್ಲ... ಹೂಂ, ಈಗ ತಿಳೀತು. ನಮ್ಮನಿಯವರಿಗೆ ಮಾತ್ರ ಹೇಳಬ್ಯಾಡ್ರಿ."

ಎಕ್ಸ್! ಎಕ್ಸ್ ಅಂದ್ರ ಏನಂತ ಈಗಿನ ಕಾಲದಾಗ ಯಾರಿಗೆ ಗೊತ್ತಿಲ್ಲ? ಹಳೇ ಪ್ರೇಮಿ. ಮಾಜಿ ಪ್ರಿಯಕರ. (ಮಾಜಿ ಶಾಸಕರು ಇರ್ತಾರಲ್ಲ, ಹಂಗ. ಇಬ್ಬರಿಗೂ ಮತ್ತೊಮ್ಮೆ ಆರಿಸಿ ಬರೂ ಆಸೆ.) ಮೂರರ ಸನೇಕ, ಐದರ ಒಳಗ! ಅಂದ್ರ ಮಧ್ಯಾಹ್ನ ಮೂರರಿಂದ ಐದರ ತನಕ. ನಾ ಅಂಗಡಿಯೊಳಗ ಇರೂ ಹೊತ್ತು.

ಊಟಕ್ಕ ಕುಂತಾಗ ವಿಚಾರಣೆ ಸುರು ಮಾಡಿದೆ.

"ಪದ್ಮಾ, ಸವದತ್ತಿಯೊಳಗ ನಿಮ್ಮ ತವರಮನಿ ಬಾಜೂಕ ಯಾರಿದ್ರು?"

"ಹಿಟ್ಟಿನ ಗಿರಣಿ ಇತ್ತು."

"ಗಿರಣ್ಯಾಗ?"

"ಹಿಟ್ಟಿತ್ತು. ಸಾರಿಗೆ ಉಪ್ಪು ಕಡಿಮಿ ಆಗಿದ್ರ ನೆಟ್ಟಗ ಹೇಳ್ರೀ, ತವರಮನಿ ತನಕ ಯಾಕ ಹೋಗತೀರಿ?"

"ಇವತ್ತ ಮಧ್ಯಾಹ್ನ ಲಗೂ ಬರಲ್ಯಾ?"

ಆಕಿ ಕೈಯಾಗಿನ ಸೌಟು ಠಣ್ ಅಂತ ಬಿತ್ತು. "ಅಯ್ಯ, ಬ್ಯಾಡ್ರಿ! ಗಿರಾಕಿ ಬರೂ ಹೊತ್ತು!"

ಬಾಜೂಕ ಕುಂತಿದ್ದ ನಮ್ಮವ್ವ ಲೀಲಾಬಾಯಿನೂ ಹೇಳಿದಳು: "ಹೌದಪಾ ನೀಲೂ, ಅಂಗಡಿ ಬಿಟ್ಟ ಬರಬ್ಯಾಡ." ಹೆಂಡತಿ ಮಾತಿಗೆ ಅವ್ವ ಹೂಂ ಅಂದಿದ್ದು ನಮ್ಮ ಮನಿ ಇತಿಹಾಸದಾಗ ಇದ ಮೊದಲು. ಷಡ್ಯಂತ್ರಕ್ಕ ಇನ್ನೇನು ಪುರಾವೆ ಬೇಕು?

ಮೂರು ಹೊಡದಕೂಡಲೆ ಅಂಗಡಿ ಷಟರ್ ಎಳದು, ಹಿಂದಿನ ಸಂದಿಯೊಳಗಿಂದ ಮನಿ ಹಿತ್ತಲಕ್ಕ ಬಂದೆ. ಪಡಸಾಲಿ ಕಿಡಕಿ ಎತ್ತರ. ಕೆಳಗ ನೀರಿನ ಬ್ಯಾರಲ್ ಇತ್ತು. ಮುಚ್ಚಳದ ಮ್ಯಾಲೆ ಹತ್ತಿ ನಿಂತೆ.

ಒಳಗಿಂದ ಪದ್ಮಜಾನ ದನಿ: "ಹಂಗಾರ ಎಕ್ಸ್‌ನ ಎರಡೂ ಕಡೆಯಿಂದ ಕಟ್ಟಿಹಾಕಬೇಕು."

ಮತ್ತೊಂದು ದನಿ: "ಹೂಂ. ಬರೇ ಬಲಕ್ಕ ಕಟ್ಟಿದ್ರ ಎಡಕ್ಕ ಓಡಿಹೋಗತದ."

ಯಾರು ಓಡಿಹೋಗೂದು? ಯಾರ ಜೋಡಿ? ನೋಡೂಣಂತ ಕುತ್ತಿಗಿ ಉದ್ದ ಮಾಡಿದೆ. ಅಷ್ಟರಾಗ ಬಾಜೂ ಮನಿ ಮಾಳಿಗಿ ಮ್ಯಾಲಿಂದ ಕಾಡವ್ವ ಒದರಿದಳು.

"ಕಳ್ಳ! ಕಳ್ಳ ಬಂದಾನ ಬರ್ರೋ!"

ನಾನೂ ಗಾಬರಿಯಾಗಿ "ಎಲ್ಲೆ?" ಅಂತ ಹೊಳ್ಳಿ ನೋಡಿದೆ. ಮುಚ್ಚಳ ಮುರೀತು. ಟೊಂಕದ ತನಕ ನೀರಿನೊಳಗ ಇಳದೆ.

ಅವ್ವ ಕಸಬರಗಿ ಹಿಡಕೊಂಡು ಬಂದು, ಮಾರಿ ನೋಡಿ, ನಾಕು ಹೊಡದ ಮ್ಯಾಲೆ ಗುರ್ತು ಹಿಡದಳು. ಒಳಗ ಕರಕೊಂಡು ಹೋದ್ರ ಅಲ್ಲೆ ಇದ್ದಾಕಿ ನಮ್ಮ ಓಣಿಯ ಶಾಹಿಸ್ತಾ ಮೇಡಂ, ಕಾಲೇಜಿನ ಗಣಿತದ ಲೆಕ್ಚರರ್! ಗ್ವಾಡಿಗೆ ಆನಿಸಿದ ಕರಿಹಲಗಿ ಮ್ಯಾಲೆ ಬರದಿತ್ತು: |x − 3| < 5.

ಮದುವಿ ಆತಂತ ಪಿಯುಸಿ ಅರ್ಧಕ್ಕ ಬಿಟ್ಟಿದ್ದ ಪದ್ಮಜಾ ಈಗ ಹೊರಗಿನಿಂದ ಪರೀಕ್ಷಾ ಬರಿಯೂವಾಕಿ ಇದ್ದಳು. ಶಾಹಿಸ್ತಾ ಕಾಲೇಜು ಮುಗಿಸಿ ಬಂದು ಗಣಿತ ಹೇಳಿಕೊಡತಿದ್ದಳು.

"ನನಗ ಯಾಕ ಹೇಳಲಿಲ್ಲ?" ಅಂದೆ, ಪ್ಯಾಂಟು ಹಿಂಡಿಕೋತ.

"ಹೇಳಿದ್ರ ನಾನ ಕಲಸ್ತೇನಿ ಅಂತಿದ್ರಿ."

"ಕಲಸಿದ್ರ ಏನು ತಪ್ಪು? ಕಾಲೇಜಿನ್ಯಾಗ ನಾ ಗಣಿತದ ಹುಲಿ!" ಸೀಮೆಸುಣ್ಣ ಕಸಗೊಂಡೆ. ಎರಡು ನಿಂತ ಗೆರಿ ಅಳಿಸಿದೆ. ಮೂರು ಆಚೆ ಕಡೆ ಒಯ್ದು ಐದಕ್ಕ ಕೂಡಿಸಿದೆ. "ಎಕ್ಸ್ ಎಂಟಕ್ಕಿಂತ ಕಡಿಮಿ. ಮುಗೀತು!"

ಶಾಹಿಸ್ತಾ ಸಾವಕಾಶ ಕೇಳಿದಳು: "ಮೈನಸ್ ಹತ್ತೂ ಎಂಟಕ್ಕಿಂತ ಕಡಿಮಿನ ಅಲ್ರೀ ಸರ್? ಹಾಕಿ ನೋಡ್ರಿ."

ಹಾಕಿದೆ. ಮೈನಸ್ ಹತ್ತರಾಗ ಮತ್ತ ಮೂರು ಕಳದ್ರ ಮೈನಸ್ ಹದಿಮೂರು. ಗೆರಿ ದಾಟಿ ಹೊರಗ ಬಂದಾಗ ಮೈನಸ್ ಕಳಚಿ ಬರೇ ಹದಿಮೂರು.

"ಹದಿಮೂರು ಐದಕ್ಕಿಂತ ಕಡಿಮಿ ಏನ್ರೀ?" ಅಂತ ಪದ್ಮಜಾ ಸುಣ್ಣ ನನ್ನ ಕೈಯಾಗಿಂದ ತಗೊಂಡಳು. "ಈ ಗೆರಿ ಅಂದ್ರ ದೂರ. ಎಕ್ಸ್ ಮೂರರಿಂದ ಐದಕ್ಕಿಂತ ಕಡಿಮಿ ದೂರ ಇರಬೇಕು. ಬಲಕ್ಕ ನಡದ್ರ ಎಂಟರ ಈಚೆ, ಎಡಕ್ಕ ನಡದ್ರ ಮೈನಸ್ ಎರಡರ ಈಚೆ ನಿಲ್ಲಬೇಕು. ಎಕ್ಸ್ ಈ ಎರಡರ ನಡುವ ಎಲ್ಲೆ ಬೇಕಾದ್ರೂ ಇರಬಹುದು."

ಎಷ್ಟು ಚಂದ ಹೇಳಿದಳು! ನನಗ ಅಭಿಮಾನ, ನಾಚಿಕಿ, ಎಲ್ಲಾಕ್ಕಿಂತ ಹೆಚ್ಚು ನಿರಾಳ. ನಿರಾಳದಾಗ ಬಾಯಿ ಸಡಲ ಆತು.

"ಇದೇನು ಎಕ್ಸ್! ನಾ ನಿನ್ನ ಯಾರೋ ಹಳೇ ಪ್ರೇಮಿ ಇರಬೇಕು ಅಂತ ತಿಳಕೊಂಡಿದ್ದೆನಲ್ಲಾ!"

ಶಾಹಿಸ್ತಾ ಜಂತಿ ನೋಡಿದಳು. ಅವ್ವ ಕಸಬರಗಿ ಮತ್ತ ಎತ್ತಿಕೊಂಡಳು. ಪದ್ಮಜಾ ಮಾತ್ರ ಸಿಟ್ಟಾಗಲಿಲ್ಲ. ಬಹಳ ಮೆತ್ತಗ ಕೇಳಿದಳು.

"ಎಕ್ಸ್ ಅಂದ್ರ ಹಳೇ ಪ್ರೇಮಿ ಅಂತ ನಿಮಗ ಯಾರು ಕಲಿಸಿದ್ರು?"

"ಅದ... ಅಂಗಡಿಗೆ ಕಾಲೇಜು ಹುಡುಗ್ಯಾರು ಬರ್ತಾರಲ್ಲ, ಅವರವರ ಮಾತಾಡಿಕೋತಿರ್ತಾರ..."

"ಅವರು ಮಾತಾಡಿದ್ದು ನಿಮಗ ಹೆಂಗ ಕೇಳಸತದ?"

"ಫ್ರೇಮ್ ಹಾಕಿ ನೋಡೂಮುಂದ ಸನೇಕ ನಿಂತಿರತೇನಲ್ಲ..."

"ಎಷ್ಟು ಸನೇಕ?"

ನಾ ಮತ್ತ ಪ್ಯಾಂಟು ಹಿಂಡಲಿಕ್ಕೆ ಹತ್ತಿದೆ.

ಮರುದಿನದಿಂದ ಪದ್ಮಜಾನ ಗಣಿತದ ಕ್ಲಾಸು ನನ್ನ ಅಂಗಡಿಗೆ ಸ್ಥಳಾಂತರ ಆಗೇದ. ಮನಿಯೊಳಗ ಸೆಕಿ ಭಾಳ ಅಂತ (ಕಾರ್ತೀಕ ಮಾಸದಾಗ!) ಕಾರಣ ಕೊಟ್ಟಾಳ. ಕೌಂಟರ್ ಬಾಜೂಕ ಕುರ್ಚಿ ಹಾಕ್ಕೊಂಡು ಲೆಕ್ಕಾ ಬಿಡಸ್ತಾಳ. ಹುಡುಗಿ ಯಾರರ ಒಳಗ ಬಂದ್ರ ಪೆನ್ನು ನಿಲ್ತದ.

ನಿನ್ನೆ ಒಬ್ಬಾಕಿ ಹೊಸಾ ಫ್ರೇಮ್ ಹಾಕ್ಕೊಂಡು, "ಹೆಂಗ ಕಾಣಸ್ತದ ಅಂಕಲ್?" ಅಂತ ಕೇಳಿದಳು.

ನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿಕೋತ, "ಭಾಳ ಚಲೋ ಕಾಣಸ್ತದ ತಂಗಿ" ಅಂದೆ.